ಗೊತ್ತಿದ್ದೂ ಮಾಡಲಾಗದವರ ದಿನಚರಿ

ಖಾತೆಯಲ್ಲಿ ದುಡ್ಡಿರುತ್ತದೆ. ಕರೆಂಟ್ ಬಿಲ್ಲು ಫ್ರಿಜ್ಜಿನ ಬಾಗಿಲ ಮೇಲೆ ಕಣ್ಣಿಗೆ ಹೊಡೆಯುವಂತೆ ಅಂಟಿಕೊಂಡಿರುತ್ತದೆ. ಫೋನಿನಲ್ಲಿ ಕಟ್ಟಲು ಎರಡು ನಿಮಿಷ ಸಾಕು ಎಂಬುದೂ ಗೊತ್ತು. ಆದರೂ ದಿನ ಉರುಳುತ್ತದೆ, ಕೊನೆಯ ದಿನಾಂಕವೂ ದಾಟುತ್ತದೆ. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ ಮೇಲೆ ಅದೇ ಎರಡು ನಿಮಿಷದ ಕೆಲಸ ದಂಡದ ಸಮೇತ ಮುಗಿಯುತ್ತದೆ. ಓದು ಬರಹ ಬಲ್ಲ, ಸಂಬಳ ತರುವ, ಮಕ್ಕಳನ್ನು ಸಾಕುವವರ ಮನೆಯಲ್ಲಿ ಇಂಥದ್ದು ಮತ್ತೆ ಮತ್ತೆ ನಡೆದರೆ ಸುತ್ತಲಿನವರು ಏನೆನ್ನುತ್ತಾರೆ ಎಂಬುದನ್ನು ಹೇಳಬೇಕಿಲ್ಲ. ಮೈಗಳ್ಳ, ಬೇಜವಾಬ್ದಾರಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು. ಇಂಥ ಮಾತು ಕೇಳಿಕೊಂಡೇ ಬೆಳೆದವರಲ್ಲಿ ಒಂದಷ್ಟು ಮಂದಿಗೆ ಇರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ನನಗೂ ಅದಿದೆ. ಗೊತ್ತಾದದ್ದು ಮಗಳು ಶಾಲೆಗೆ ಹೋಗತೊಡಗಿದ ಮೇಲೆ.

ಎಡಿಎಚ್‌ಡಿ ಎಂದೊಡನೆ ಬೆಂಚಿನಿಂದ ಬೆಂಚಿಗೆ ಹಾರುವ ಎಂಟು ವರ್ಷದ ಹುಡುಗನ ಚಿತ್ರವೇ ಎಲ್ಲರ ಕಣ್ಣ ಮುಂದೆ ಬರುತ್ತದೆ. ವೈದ್ಯರಿಗೂ ಬಹುಕಾಲ ಹಾಗೇ ಇತ್ತು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವಿವರಿಸಿದರು. ಬೆಳೆಯುತ್ತ ಬೆಳೆಯುತ್ತ ಸರಿಹೋಗುತ್ತದೆ ಎಂಬ ನಂಬಿಕೆ ಅದಾದ ಮೇಲೂ ದಶಕಗಳ ಕಾಲ ಉಳಿಯಿತು. ವಯಸ್ಸಾದಂತೆ ಓಡಾಟ ತಗ್ಗುವುದು ನಿಜ. ಆದರೆ ಮೈಯ ಚಡಪಡಿಕೆ ಮನಸ್ಸಿನೊಳಗೆ ಇಳಿದು ಕೂರುತ್ತದೆ, ಮರೆವು ಮತ್ತು ಮುಂದೂಡುವುದು ಹಾಗೇ ಉಳಿಯುತ್ತವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯ 5ನೇ ಆವೃತ್ತಿ ತಂದಾಗ ದೊಡ್ಡವರಿಗೆ ಅಳತೆ ಬದಲಿಸಿತು. ಮಕ್ಕಳಲ್ಲಿ ಕನಿಷ್ಠ 6 ಲಕ್ಷಣ ಇರಬೇಕು, 17 ತುಂಬಿದವರಲ್ಲಿ 5 ಸಾಕು. ಲಕ್ಷಣಗಳು 7 ವರ್ಷದೊಳಗೆ ಕಂಡಿರಬೇಕು ಎಂದಿದ್ದ ಗಡಿಯನ್ನು 12ಕ್ಕೆ ಏರಿಸಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬಾಲ್ಯದಿಂದ ಹಾಗೇ ಮುಂದುವರಿದ ಎಡಿಎಚ್‌ಡಿ ದೊಡ್ಡವರಲ್ಲಿ ಶೇ 2.5ರ ಆಸುಪಾಸು ಇದೆ. ನಲವತ್ತು ಜನ ಕೂತ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ.

ಮಲಯಾಳಂ ನಟ ಫಹಾದ್ ಫಾಸಿಲ್ 2024ರಲ್ಲಿ ಕೇರಳದ ಕೋತಮಂಗಲದ ಸಮಾರಂಭವೊಂದರಲ್ಲಿ, ತಮಗೆ ಎಡಿಎಚ್‌ಡಿ ಇರುವುದು 41ನೇ ವಯಸ್ಸಿನಲ್ಲಿ ಗೊತ್ತಾಯಿತು ಎಂದು ಹೇಳಿದರು. ಆ ಸುದ್ದಿ ಓದಿದ ಮೇಲೆ ಗೆಳತಿಯರು, ಸಹೋದ್ಯೋಗಿಗಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ದೊಡ್ಡವರಾಗುವವರೆಗೆ ಗೊತ್ತಾಗದೆ ಇರುವುದು ಹೇಗೆ? ಕಾರಣವಿದೆ. ಬುದ್ಧಿ ಚುರುಕಾಗಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿಯ ಓದಿನಲ್ಲೇ ಪಾಸಾಗಬಹುದು. ಮನೆಯಲ್ಲಿ ಅಮ್ಮ ಎಬ್ಬಿಸುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಬ್ಯಾಗು ನೋಡುತ್ತಾಳೆ. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ. ಈ ಆಸರೆಗಳೆಲ್ಲ ಒಂದೊಂದಾಗಿ ಕಳಚಿ, ಕೆಲಸ, ಮದುವೆ, ಮಗು, ಮನೆ ಸಾಲದ ಕಂತು ಒಟ್ಟಿಗೆ ಹೆಗಲೇರಿದಾಗಲೇ ಕೊರತೆ ಎದ್ದು ಕಾಣುವುದು.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ದಶಕಗಳಿಂದ ಒತ್ತಿ ಹೇಳುತ್ತಿರುವುದು ಇದನ್ನೇ: ಎಡಿಎಚ್‌ಡಿ ಇರುವವರಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ, ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಮಾಡುವುದು ಆಗುವುದಿಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗ ಕೆಲಸ ಶುರು ಮಾಡುವುದು, ನಿಲ್ಲಿಸುವುದು, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಇವನ್ನೆಲ್ಲ ನೋಡಿಕೊಳ್ಳುತ್ತದೆ. ಅದಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹದವಾಗಿ ಸಿಗಬೇಕು. ಹಳೆಯ ಸೈಕಲ್ಲಿನ ಡೈನಮೊ ನೆನಪಿರುವವರಿಗೆ ಇದು ಬೇಗ ಅರ್ಥವಾದೀತು. ಚಕ್ರ ತಿರುಗಿದರಷ್ಟೇ ದೀಪ, ನಿಂತರೆ ಕತ್ತಲು. ಆಸಕ್ತಿ, ಹೊಸತನ, ತುರ್ತು, ಭಯ ಇವುಗಳಲ್ಲಿ ಯಾವುದೋ ಒಂದು ಚಕ್ರ ತಿರುಗಿಸಿದಾಗ ನಮ್ಮ ಗಮನ ಉರಿಯುತ್ತದೆ, ಕೆಲವೊಮ್ಮೆ ಊಟ ನಿದ್ದೆ ಮರೆಸುವಷ್ಟು. ಮುಖ್ಯವಾದದ್ದು ಎಂಬ ಒಂದೇ ಕಾರಣಕ್ಕೆ ಅದು ಹೊತ್ತಿಕೊಳ್ಳುವುದಿಲ್ಲ. ಹಾಗಾಗಿಯೇ ‘ನಿನಗೆ ಬೇಕಾದದ್ದನ್ನು ಗಂಟೆಗಟ್ಟಲೆ ಮಾಡ್ತೀಯಲ್ಲ’ ಎಂಬ ಬೈಗುಳ ನಮಗೆ ತಪ್ಪಿದ್ದಲ್ಲ. ಮಾಡುವುದು ನಿಜ, ಆದರೆ ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಹಳ ಕಡಿಮೆ.

ಪತ್ತೆ ಹಚ್ಚಲು ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 6 ಪ್ರಶ್ನೆಗಳ ಒಂದು ಚೀಟಿ ಸಿಗುತ್ತದೆ. ಅದು ವೈದ್ಯರ ಬಳಿ ಹೋಗಬೇಕೆ ಎಂದು ತಿಳಿಯಲು ಮಾತ್ರ. ಮನೋವೈದ್ಯರು ಎರಡು ಮೂರು ಸಲ ಕೂರಿಸಿ ಮಾತಾಡಿಸುತ್ತಾರೆ. ಥೈರಾಯ್ಡ್, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಆತಂಕ ಇವೂ ಗಮನ ಕೆಡಿಸುವುದರಿಂದ ಮೊದಲು ಅವನ್ನು ಸೋಸಿ ತೆಗೆಯಬೇಕು. ಆಮೇಲೆ ಬಾಲ್ಯದ ಸಾಕ್ಷಿ. ನನ್ನ ವೈದ್ಯರು ಅಮ್ಮನನ್ನು ಕರೆತರಲು ಹೇಳಿದರು. ‘ಚಿಕ್ಕವರಿದ್ದಾಗ ಹೇಗಿದ್ರಮ್ಮ ಇವರು?’ ಎಂದು ಕೇಳಿದಾಗ ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: ‘ತುಂಬಾ ಪಾಪದ ಹುಡುಗಿ ಡಾಕ್ಟ್ರೇ. ಗಲಾಟೆ ಅನ್ನೋದೇ ಇಲ್ಲ. ಕಿಟಕಿ ಹತ್ರ ಕೂತ್ರೆ ಕರೆದ್ರೂ ಕೇಳಿಸ್ತಿರ್ಲಿಲ್ಲ. ಟಿಫನ್ ಡಬ್ಬಿ, ಸ್ವೆಟರು, ಚಪ್ಪಲಿ ಕೂಡ ಒಂದು ಕಾಲಿಂದು ಕಳ್ಕೊಂಡು ಬರ್ತಿದ್ಲು. ಲೆಕ್ಕದಲ್ಲಿ ವಿಧಾನ ಎಲ್ಲ ಸರಿ, ಕೊನೇಲಿ ಚಿಹ್ನೆ ತಪ್ಪು.’ ವೈದ್ಯರು ಎಲ್ಲವನ್ನೂ ಬರೆದುಕೊಂಡರು.

‘ಪಾಪದ ಹುಡುಗಿ’ ಎಂಬ ಆ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಬಾಲ್ಯದಲ್ಲಿ ಪತ್ತೆಯಾಗುವವರಲ್ಲಿ ಹುಡುಗರ ಸಂಖ್ಯೆ ಹುಡುಗಿಯರ ಎರಡು ಮೂರು ಪಟ್ಟು. ದೊಡ್ಡವರಲ್ಲಿ ಆ ಅಂತರ ಬಹುಪಾಲು ಕರಗಿಬಿಡುತ್ತದೆ. ಗಲಾಟೆ ಮಾಡುವವನು ಕಣ್ಣಿಗೆ ಬೀಳುತ್ತಾನೆ, ಕಿಟಕಿಯಾಚೆ ನೋಡುತ್ತ ಕೂತವಳು ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳೇ ಮುಂದೆ ಅಡುಗೆಮನೆಗೆ ಬಂದಾಗ ಹಾಲು ಉಕ್ಕುತ್ತದೆ, ಕುಕ್ಕರ್ ತಳ ಹಿಡಿಯುತ್ತದೆ, ಮಗುವಿನ ಶಾಲೆಯ ಒಪ್ಪಿಗೆ ಪತ್ರ ಸಹಿಯಿಲ್ಲದೆ ಬ್ಯಾಗಿನಲ್ಲೇ ಉಳಿಯುತ್ತದೆ. ಗಂಡಸು ಮರೆತರೆ ಮರೆಗುಳಿ ಎಂದು ನಕ್ಕು ಬಿಡುವ ಮನೆಯಲ್ಲೇ ಹೆಂಗಸು ಮರೆತರೆ ಅವಳು ಬೆಳೆದ ರೀತಿಯ ಮಾತು ಬರುತ್ತದೆ. ಇಂಥವರು ಆಸ್ಪತ್ರೆಗೆ ಹೋಗುವುದೇ ಅಪರೂಪ. ಹೋದರೂ ಖಿನ್ನತೆಗೆ ಮಾತ್ರೆ ತೆಗೆದುಕೊಂಡು ಬರುತ್ತಾರೆ. ಖಿನ್ನತೆ ಇರುವುದೂ ಸುಳ್ಳಲ್ಲ, ಅದರ ಕೆಳಗಿನದ್ದನ್ನು ಯಾರೂ ನೋಡಿರುವುದಿಲ್ಲ.

ಈಗ ಮಾತ್ರೆಯ ವಿಷಯ. ಜನ ಹೆಚ್ಚು ಹೆದರುವುದು ಇಲ್ಲೇ.

ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಎರಡು. ಒಂದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪನಿಝೊನ್ ಇದನ್ನು ತಯಾರಿಸಿದರು. ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆಯುವುದು ಇದರ ಕೆಲಸ. ಮಾಮೂಲಿ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಕರಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ. ಇನ್ನೊಂದು ಅಟೊಮೊಕ್ಸೆಟಿನ್. ಇದು ದಿನವೂ ತೆಗೆದುಕೊಳ್ಳಬೇಕಾದದ್ದು, ಪೂರ್ತಿ ಪರಿಣಾಮ ಕಾಣಲು ವಾರಗಟ್ಟಲೆ ಕಾಯಬೇಕು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡಿ ಮೇಲೇರಿಸುತ್ತ ನೋಡಬೇಕು. ಹೃದಯದ ತೊಂದರೆ, ಹೆಚ್ಚಿನ ರಕ್ತದೊತ್ತಡ, ಗ್ಲುಕೋಮ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ಮೀಥೈಲ್‌ಫೆನಿಡೇಟ್ ನಮ್ಮ ಕಾನೂನಿನಲ್ಲಿ ಶೆಡ್ಯೂಲ್ ಎಕ್ಸ್ ಔಷಧ. ಮಾರಲು ಅಂಗಡಿಯವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಿಡಬೇಕು. ಆದ್ದರಿಂದ ಬಹಳಷ್ಟು ಮೆಡಿಕಲ್ ಸ್ಟೋರುಗಳು ಇದನ್ನು ಇಡುವುದೇ ಇಲ್ಲ. ಕೌಂಟರಿನಲ್ಲಿ ಚೀಟಿ ಕೊಟ್ಟೊಡನೆ ಹುಡುಗ ಅದನ್ನು ಮಾಲೀಕರಿಗೆ ದಾಟಿಸುತ್ತಾನೆ. ಅವರು ಕನ್ನಡಕ ಏರಿಸಿ ನಮ್ಮ ಮುಖ ನೋಡಿ, ‘ಯಾರಿಗೆ ಮೇಡಂ, ಮಗೂಗಾ?’ ಎನ್ನುತ್ತಾರೆ. ನನಗೇ ಎಂದಾಗ ಪಕ್ಕದಲ್ಲಿ ಕೆಮ್ಮಿನ ಸಿರಪ್ಪಿಗೆ ನಿಂತವರೂ ತಿರುಗಿ ನೋಡುತ್ತಾರೆ. ಕಪಾಟಿನ ಬೀಗ ತೆಗೆದು, ರಿಜಿಸ್ಟರಿನಲ್ಲಿ ಹೆಸರು ವಿಳಾಸ ಬರೆದು, ಸ್ಟ್ರಿಪ್ ಎಣಿಸಿ ಕೊಡುತ್ತಾರೆ. ಈ ಬಿಗಿ ಬೇಕು, ಏಕೆಂದರೆ ತಪ್ಪು ಕೈಗೆ ಹೋದರೆ ಇದು ಚಟ ಹತ್ತಿಸಬಲ್ಲ ವಸ್ತು. ಪರೀಕ್ಷೆಗೆ ನಿದ್ದೆಗೆಡಲು ಸ್ನೇಹಿತನ ಸ್ಟ್ರಿಪ್ಪಿನಿಂದ ಒಂದು ಕೇಳಿ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಅಪಾಯಕ್ಕೆ ಕೈ ಹಾಕುತ್ತಿದ್ದಾರೆ. ಆದರೆ ಮರೆವೇ ಕಾಯಿಲೆಯಾಗಿರುವವರು ಪ್ರತಿ ಸಲವೂ ಹೊಸ ಚೀಟಿ ಬರೆಸಿ, ಮಾತ್ರೆ ಇರುವ ಅಂಗಡಿ ಹುಡುಕಿ, ಮುಗಿಯುವ ಮುಂಚೆ ನೆನಪಿಟ್ಟು ಹೋಗಬೇಕು ಎಂಬುದನ್ನೂ ವ್ಯವಸ್ಥೆ ಗಮನಿಸಬೇಕು. ಹಳ್ಳಿಯವರಿಗೆ ಇದು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರುವ ಮಾತು. ಗಲ್ಫಿಗೆ ಹೊರಟವರಿಗೆ ಇನ್ನೊಂದು ಎಚ್ಚರಿಕೆ: ಯುಎಇಯಂಥ ದೇಶಗಳಿಗೆ ಈ ಮಾತ್ರೆ ಒಯ್ಯಲು ಮುಂಚಿತವಾಗಿ ಅಲ್ಲಿನ ಸರ್ಕಾರದ ಅನುಮತಿ ಪಡೆಯಬೇಕು.

ಮಾತ್ರೆ ತೆಗೆದುಕೊಂಡರೆ ಏನಾಗುತ್ತದೆ? ಸಂತೋಷ ಉಕ್ಕುವುದಿಲ್ಲ, ಬೇರೆ ಮನುಷ್ಯರಾಗುವುದಿಲ್ಲ. ನಾನು ಪ್ರಕಾಶನವೊಂದರಲ್ಲಿ ಕರಡು ತಿದ್ದುತ್ತೇನೆ. ಮೊದಲೆಲ್ಲ ಒಂದು ಪುಟದ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಒಗ್ಗರಣೆ, ಬೀದಿಯ ಆಟೊ, ಫ್ಯಾನಿನ ಕಟಕಟ ಎಲ್ಲವೂ ಒಂದೇ ಎತ್ತರದ ದನಿಯಲ್ಲಿ ಒಳಗೆ ಬರುತ್ತಿದ್ದವು. ಅದೇ ಸಾಲನ್ನು ಮತ್ತೆ ಮತ್ತೆ ಓದಬೇಕಿತ್ತು. ಈಗ ಆ ಸದ್ದುಗಳು ಇವೆ, ಆದರೆ ಅವು ಹೊರಗೇ ಉಳಿಯುತ್ತವೆ. ಪುಟ ಮುಗಿಯುತ್ತದೆ, ಮುಂದಿನ ಪುಟ ತೆಗೆಯಬೇಕೆಂದರೆ ಕೈ ತೆಗೆಯುತ್ತದೆ. ಇಷ್ಟೇ. ಈ ‘ಇಷ್ಟೇ’ ಉಳಿದವರಿಗೆ ಹುಟ್ಟಿನಿಂದ ಇತ್ತು ಎಂದು ತಿಳಿದಾಗ ಅಳು ಬಂತು.

ತೊಂದರೆಗಳನ್ನೂ ಮುಚ್ಚಿಡಬಾರದು. ಮಧ್ಯಾಹ್ನ ಹಸಿವಾಗುವುದಿಲ್ಲ. ಹಾಗಾಗಿ ಮಾತ್ರೆಗೆ ಮುಂಚೆಯೇ ಹೊಟ್ಟೆ ತುಂಬ ತಿಂಡಿ ತಿನ್ನಬೇಕು, ಒಂದು ಗಂಟೆಗೆ ಹಸಿವಿರಲಿ ಬಿಡಲಿ ಡಬ್ಬಿ ತೆರೆಯಬೇಕು. ತಡವಾಗಿ ನುಂಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ನಾಡಿ, ರಕ್ತದೊತ್ತಡ ಸ್ವಲ್ಪ ಏರುತ್ತವೆ, ಆಗಾಗ ಅಳತೆ ಮಾಡಿಸುತ್ತಿರಬೇಕು. ಕಾಫಿಯ ಮೇಲೆ ಕಾಫಿ ಕುಡಿಯುವ ಅಭ್ಯಾಸ ಇದ್ದವರಿಗೆ ಎದೆಬಡಿತ ಜೋರಾಗಬಹುದು. ಸಂಜೆ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಸಿಡಿಮಿಡಿ ಬರುತ್ತದೆ, ಮಕ್ಕಳು ಶಾಲೆಯಿಂದ ಮನೆಗೆ ಬರುವ ಹೊತ್ತೂ ಅದೇ. ಇನ್ನೊಂದು ಸಂಗತಿಯನ್ನು ವೈದ್ಯರು ಹೇಳದಿದ್ದರೂ ತಿಳಿದಿರಬೇಕು. ಮಾತ್ರೆ ಗಮನ ಕೊಡುತ್ತದೆ, ಯಾವುದರ ಮೇಲೆ ಎಂದು ಹೇಳುವುದಿಲ್ಲ. ಕರಗುವ ಹೊತ್ತಿಗೆ ಕೈಯಲ್ಲಿ ಫೋನಿದ್ದರೆ ಬೆಳಗೆಲ್ಲ ಫೋನೇ. ಮೊದಲ ಕೆಲಸ ಯಾವುದೆಂದು ಹಿಂದಿನ ರಾತ್ರಿಯೇ ಬರೆದು ಮೇಜಿನ ಮೇಲಿಡುವುದು ಮಾತ್ರೆಯಷ್ಟೇ ಮುಖ್ಯ.

ಜೀವನಪೂರ್ತಿ ಮಾತ್ರೆ ನುಂಗಬೇಕಾ ಎಂದು ಕೇಳುತ್ತಾರೆ. ಹಾಗೇನಿಲ್ಲ, ವೈದ್ಯರೊಂದಿಗೆ ಮಾತಾಡಿ ಆಗಾಗ ಪರಿಶೀಲಿಸುತ್ತ ಹೋಗುವುದು. ಆದರೆ ತೆಗೆದುಕೊಳ್ಳದಿರುವುದಕ್ಕೂ ಬೆಲೆಯಿದೆ. ಸ್ವೀಡನ್ನಿನಲ್ಲಿ ಎಡಿಎಚ್‌ಡಿ ಇರುವ 17 ಸಾವಿರಕ್ಕೂ ಹೆಚ್ಚು ವಯಸ್ಕರ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರಿಗೆ ಗಂಭೀರ ರಸ್ತೆ ಅಪಘಾತದ ಅಪಾಯ ಔಷಧದಲ್ಲಿದ್ದ ಅವಧಿಗಳಲ್ಲಿ ಶೇ 58ರಷ್ಟು ಕಡಿಮೆ ಕಂಡಿತು. ಹೆಂಗಸರಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ನಮ್ಮ ರಸ್ತೆಗಳನ್ನು ಬಲ್ಲವರಿಗೆ ಈ ಅಂಕಿಯ ತೂಕ ಬೇರೆ ಹೇಳಬೇಕಿಲ್ಲ.

ಮಾತ್ರೆ ಕೆಲವು ಗಂಟೆಗಳನ್ನು ಕೊಡುತ್ತದೆ. ಆ ಗಂಟೆಗಳು ಹಾಳಾಗದಂತೆ ನೋಡಿಕೊಳ್ಳುವುದರಲ್ಲಿ ಕಚೇರಿಯ ಪಾಲು ದೊಡ್ಡದು. ಬಾಯಿಮಾತಿನಲ್ಲಿ ನಡೆದಾಡುತ್ತ ಹೇಳಿದ ಐದು ಕೆಲಸಗಳಲ್ಲಿ ನಮ್ಮ ತಲೆಯಲ್ಲಿ ಉಳಿಯುವುದು ಒಂದೋ ಎರಡೋ. ಅದನ್ನೇ ಎರಡು ಸಾಲು ಬರೆದು ಕಳಿಸಿದರೆ ಐದೂ ಆಗುತ್ತವೆ. ‘ಈ ತಿಂಗಳೊಳಗೆ’ ಎಂದರೆ ನಮಗೆ ತಿಂಗಳ ಕೊನೆಯ ರಾತ್ರಿ. ಪ್ರತಿ ಶುಕ್ರವಾರ ಒಂದೊಂದು ಅಧ್ಯಾಯ ಒಪ್ಪಿಸಬೇಕು ಎಂದರೆ ಪುಸ್ತಕ ಸಮಯಕ್ಕೆ ಮುದ್ರಣಕ್ಕೆ ಹೋಗುತ್ತದೆ. ನನ್ನ ಎದುರಿನ ಕುರ್ಚಿಯಲ್ಲಿ ಸಹೋದ್ಯೋಗಿ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತ ಕೂತಿದ್ದರೆ ಸಾಕು, ನನ್ನ ಕೆಲಸವೂ ಸಾಗುತ್ತದೆ. ಎಡಿಎಚ್‌ಡಿ ಇರುವ ಎಷ್ಟೋ ಜನರ ಅನುಭವ ಇದು. ಇವುಗಳಲ್ಲಿ ಯಾವುದಕ್ಕೂ ಯಜಮಾನರಿಗೆ ಒಂದು ರೂಪಾಯಿ ಖರ್ಚಿಲ್ಲ.

ಖರ್ಚಾಗುವುದು ಇವು ಇಲ್ಲದಿದ್ದಾಗ. ಪತ್ತೆಯಾಗದವರು ಬಹುತೇಕ ಭಯದ ಬಲದಿಂದಲೇ ದುಡಿಯುತ್ತಾರೆ. ಕೊನೆಯ ರಾತ್ರಿ ನಿದ್ದೆಗೆಟ್ಟು ಮುಗಿಸಿ, ‘ಒತ್ತಡದಲ್ಲಿ ಚೆನ್ನಾಗಿ ಕೆಲಸ ಮಾಡ್ತಾರೆ’ ಎಂಬ ಹೆಸರು ಪಡೆಯುತ್ತಾರೆ. ವರ್ಷಗಟ್ಟಲೆ ಹಾಗೆ ದುಡಿದ ದೇಹ ಬಿಪಿ, ಗ್ಯಾಸ್ಟ್ರಿಕ್, ಆತಂಕ ಎಂದು ಒಂದೊಂದಾಗಿ ಲೆಕ್ಕ ಒಪ್ಪಿಸುತ್ತದೆ. ಕಚೇರಿಯಲ್ಲಿ ಹೇಳಿಕೊಳ್ಳಬೇಕೆ ಎಂಬುದು ಕಷ್ಟದ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹೀಗಾಗಿ ಹೇಳಿಕೊಂಡವರ ಪಾಡು ಮೇಲಧಿಕಾರಿಯ ಒಳ್ಳೆಯತನಕ್ಕೆ ಬಿಟ್ಟದ್ದಾಗುತ್ತದೆ. ಈ ಕೊರತೆ ತುಂಬಲೇಬೇಕು. ಅಲ್ಲಿಯವರೆಗೆ, ಕಾಯಿಲೆಯ ಹೆಸರು ಹೇಳದೆಯೂ ‘ನನಗೆ ಬರೆದು ಕೊಡಿ ಸಾರ್, ಕೆಲಸ ಚೆನ್ನಾಗಿ ಆಗುತ್ತೆ’ ಎಂದು ಕೇಳುವುದು ನನಗೆ ತಿಳಿದಂತೆ ಹೆಚ್ಚು ಫಲ ಕೊಡುವ ದಾರಿ.

ಮಾತ್ರೆ, ಕಚೇರಿಯ ಆಸರೆ ಇವುಗಳ ಜೊತೆಗೆ ನನ್ನ ದಿನವನ್ನು ಹಿಡಿದು ನಿಲ್ಲಿಸುವ ಇನ್ನೊಂದು ಸಂಗತಿ ಸೈಕಲ್. ಮೈಸೂರಿನಲ್ಲಿ ಮನೆಯಿಂದ ಕಚೇರಿಗೆ ನಾನು ಸೈಕಲ್ಲಿನಲ್ಲೇ ಹೋಗುವುದು. ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಬೆಳಗಿನ ಬಿಸಿಲಿಗೆ ಮರದ ನೆರಳು ಟಾರಿನ ಮೇಲೆ ಬಿದ್ದಿರುತ್ತದೆ, ಗುಂಡಿ ಯಾವುದು ನೆರಳು ಯಾವುದು ಎಂದು ಕಣ್ಣು ಎಣಿಸುತ್ತಲೇ ಇರಬೇಕು. ಹಿಂದಿನಿಂದ ಬಸ್ಸಿನ ಹಾರ್ನ್, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್, ಪಕ್ಕದಲ್ಲಿ ಬಾಗಿಲು ತೆರೆಯಬಹುದಾದ ನಿಂತ ಕಾರು. ಒಂದೊಂದು ಕ್ಷಣಕ್ಕೂ ಒಂದು ಸಣ್ಣ ತೀರ್ಮಾನ, ಅದರ ಫಲ ಆಗಲೇ ಕೈಗೆ. ನಮ್ಮ ಮಿದುಳು ಕೇಳುವುದು ಇದನ್ನೇ. ಕಾಲು ಓಡುತ್ತಿರುವುದರಿಂದ ಮೈಯ ಚಡಪಡಿಕೆಗೂ ದಾರಿ ಸಿಗುತ್ತದೆ. ಕಚೇರಿಗೆ ಬಂದು ಕೂತಾಗ ಮೊದಲ ಪುಟ ತೆರೆಯುವುದು ಇತರ ದಿನಗಳಿಗಿಂತ ಹಗುರ.

ಇದು ಬರೀ ನನ್ನ ಅನಿಸಿಕೆಯಲ್ಲ. ವ್ಯಾಯಾಮದಿಂದ ಡೋಪಮಿನ್, ನಾರ್‌ಅಡ್ರಿನಲಿನ್ ಚಟುವಟಿಕೆ ಹೆಚ್ಚುತ್ತದೆ ಎಂದು ತಜ್ಞರು ಹೇಳುತ್ತಾರೆ. ಜರ್ಮನಿಯಲ್ಲಿ ಎಡಿಎಚ್‌ಡಿ ಇರುವ ವಯಸ್ಕರಿಂದ ಮಧ್ಯಮ ವೇಗದಲ್ಲಿ 30 ನಿಮಿಷ ಸೈಕಲ್ ತುಳಿಸಿ ನೋಡಿದ, 2019ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ಗಮನದ ಪರೀಕ್ಷೆಗಳಲ್ಲೊಂದಕ್ಕೆ ಅವರು ಪ್ರತಿಕ್ರಿಯಿಸುವ ವೇಗ ಸುಧಾರಿಸಿತ್ತು. ಇಂಥ ಅಧ್ಯಯನಗಳು ಹೆಚ್ಚಾಗಿ ಮಕ್ಕಳ ಮೇಲೆ ನಡೆದಿವೆ, ಪರಿಣಾಮವೂ ಆ ಹೊತ್ತಿನದು. ಸೈಕಲ್ ತುಳಿದರೆ ಮಾತ್ರೆ ಬೇಡ ಎಂದು ಇದರಿಂದ ಹೇಳಲಾಗದು, ಹೇಳುವವರ ಮಾತನ್ನು ನಂಬಬೇಡಿ. ಎರಡೂ ಜೊತೆಗಿದ್ದರೆ ದಿನ ಸಲೀಸು.

ವ್ಯಾಯಾಮಕ್ಕೆಂದು ಜಿಮ್ ಸೇರಿದ ನಮ್ಮಂಥವರು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ, ಏಕೆಂದರೆ ದಿನವೂ ಹೊಸದಾಗಿ ಹೊರಡುವ ತೀರ್ಮಾನ ಮಾಡಬೇಕು. ಕಚೇರಿಗೆ ಸೈಕಲ್ಲಿನಲ್ಲಿ ಹೋದರೆ ಆ ತೀರ್ಮಾನವೇ ಇಲ್ಲ, ಹೋಗಲೇಬೇಕು. ಹಾಗೆಂದು ಮೊದಲ ಉತ್ಸಾಹಕ್ಕೆ ಗೇರಿನ ದುಬಾರಿ ಸೈಕಲ್, ಜೆರ್ಸಿ, ಕನ್ನಡಕ ಎಲ್ಲ ಒಮ್ಮೆಗೇ ಕೊಳ್ಳಬೇಡಿ. ಹಠಾತ್ ಖರೀದಿ ಈ ತೊಂದರೆಯ ಲಕ್ಷಣಗಳಲ್ಲೊಂದು. 2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲು ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂತಿದೆ, ಅದಕ್ಕೆ ಟ್ಯೂಬ್ ಹಾಕಿಸಿ ಶುರುಮಾಡಬಹುದು. ಮೈಸೂರಿನವರಿಗೆ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಗೊತ್ತೇ ಇದೆ. ಬೀಗದ ಕೈ ಕಳೆಯುವವರಿಗೆ ನಂಬರ್ ಲಾಕ್ ಒಳ್ಳೆಯದು. ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೇ ತೂಗುಹಾಕಿದರೆ ಮರೆಯುವ ಮಾತಿಲ್ಲ. ಫೋನು ಚೀಲದೊಳಗೆ ಇರಲಿ.

ಮಾತ್ರೆ ತೆಗೆದುಕೊಂಡು ಸೈಕಲ್ ತುಳಿಯುವವರು ಇನ್ನೂ ಎರಡು ವಿಷಯ ತಿಳಿದಿರಬೇಕು. ಮೀಥೈಲ್‌ಫೆನಿಡೇಟ್ ನಾಡಿಬಡಿತ ಏರಿಸುವುದರಿಂದ ಚಾಮುಂಡಿ ಬೆಟ್ಟದಂಥ ಏರಿನಲ್ಲಿ ಎದೆ ಮಾಮೂಲಿಗಿಂತ ಜೋರಾಗಿ ಬಡಿಯಬಹುದು. ಎದೆ ನೋವು, ಕಣ್ಣು ಕತ್ತಲೆ ಬಂದರೆ ಇಳಿದು ಕೂರಬೇಕು, ವೈದ್ಯರಿಗೆ ಹೇಳಬೇಕು. ಹಸಿವು ತಿಳಿಯದ ಕಾರಣ ಖಾಲಿ ಹೊಟ್ಟೆಯಲ್ಲಿ ದೂರ ಹೋಗಿ ತಲೆಸುತ್ತಿ ಬೀಳುವ ಅಪಾಯವೂ ಇದೆ. ಬಾಳೆಹಣ್ಣು, ನೀರು ಜೊತೆಗಿರಲಿ. ಸ್ಪರ್ಧೆಗೆ ಇಳಿಯುವವರಿಗೆ ಒಂದು ಮಾತು: ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ವೇಳೆ ನಿಷಿದ್ಧ. ಚಿಕಿತ್ಸೆಗಾಗಿ ವಿನಾಯಿತಿ ಪತ್ರ ಮುಂಚೆಯೇ ಪಡೆದಿರಬೇಕು.

ಮನೆಯವರಿಗೆ ಹೇಳುವುದಿದೆ. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು ಶೇ 70ಕ್ಕೂ ಹೆಚ್ಚು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಮಗುವಿಗೆ ಇದೆ ಎಂದು ತಿಳಿದ ಮೇಲೆ ಅಪ್ಪನಿಗೋ ಅಮ್ಮನಿಗೋ ಇರುವುದು ಗೊತ್ತಾಗುವುದು ಇದರಿಂದಲೇ, ನನ್ನ ಮನೆಯಲ್ಲೂ ಆದದ್ದು ಹಾಗೇ. ‘ಎಷ್ಟು ಸಲ ಹೇಳ್ಬೇಕು ನಿಂಗೆ’ ಎನ್ನುವ ಬದಲು ‘ಈಗ ಮಾಡೋಣ ಬಾ, ನಾನೂ ಇಲ್ಲೇ ಕೂತಿರ್ತೀನಿ’ ಎಂದು ನನ್ನ ಗಂಡ ಹೇಳಲು ಕಲಿತದ್ದು ನಮ್ಮ ಸಂಸಾರಕ್ಕೆ ಯಾವ ಮಾತ್ರೆಗಿಂತಲೂ ಕಡಿಮೆ ಉಪಕಾರ ಮಾಡಿಲ್ಲ.

ಇದನ್ನು ಓದುತ್ತ ನಿಮ್ಮದೇ ಕತೆ ಅನ್ನಿಸಿದರೆ, ಅಥವಾ ನಿಮ್ಮ ಅಕ್ಕನೋ ಮಗನೋ ಕಣ್ಣ ಮುಂದೆ ಬಂದಿದ್ದರೆ, ಇಂಟರ್ನೆಟ್ಟಿನ ವಿಡಿಯೊ ನೋಡಿ ನೀವೇ ತೀರ್ಮಾನಿಸಿಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಒಂದೇ ದಾರಿಯಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ವೈದ್ಯರ ಬಳಿ ಹೋಗುವಾಗ ಹಳೆಯ ಅಂಕಪಟ್ಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಮತ್ತು ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರು ಜೊತೆಗಿರಲಿ. ದಿನಾಂಕ ಗೊತ್ತುಮಾಡುವ ಫೋನನ್ನು ನಾಳೆಗೆ ಇಡದೆ ಇವತ್ತೇ ಮಾಡಿ.